ಕೈಗೆ ನೀರು

“ಮದುವೆ ಯೋಚ್ನೆ ಏನಾದ್ರೂ ಇದ್ಯಾ?” ಎಂದು ಫಾದರ್ ನಿಕಾಂದ್ರ್ ಕೇಳಿದ್ದಕ್ಕೆ ಗ್ಲೆಬ್, “ಸದ್ಯಕ್ಕೇನಿಲ್ಲ ಫಾದರ್,” ಎಂದುಬಿಟ್ಟ.

ಸದ್ಯಕ್ಕಂತೆ. ಇನ್ನೊಂದು ಗಂಟೆಯಲ್ಲಿ ಬಿಷಪ್ ಅವನ ತಲೆಯ ಮೇಲೆ ಕೈಯಿಟ್ಟು ಸಬ್‌ಡೀಕನ್ ಮಾಡಲಿದ್ದರು. ಪದವಿ ಚಿಕ್ಕದು. ಪೂಜೆಯ ಹೊತ್ತಿನಲ್ಲಿ ಬಿಷಪ್ಪರಿಗೆ ನಿಲುವಂಗಿ ತೊಡಿಸಬೇಕು, ಮೇಣದಬತ್ತಿ ಹಿಡಿಯಬೇಕು, ಕೈಗೆ ನೀರು ಹಾಕಬೇಕು, ಅಷ್ಟೇ. ಅದಕ್ಕೆ ಅಂಟಿಕೊಂಡ ನಿಯಮ ಮಾತ್ರ ಚಿಕ್ಕದಲ್ಲ. ಮದುವೆಯಾದವನು ಸಬ್‌ಡೀಕನ್ ಆಗಬಹುದು. ಸಬ್‌ಡೀಕನ್ ಆದವನು ಮದುವೆಯಾಗುವಂತಿಲ್ಲ.

ಫಾದರ್ ನಿಕಾಂದ್ರ್ ಕನ್ನಡಕ ಹಣೆಗೇರಿಸಿ ಅವನನ್ನು ನೋಡಿದರು. “ಇದ್ರೆ ಈಗ್ಲೇ ಹೇಳಿಬಿಡಪ್ಪ. ಮೊದ್ಲು ಮದುವೆ ಮುಗಿಸ್ಕೊಂಡು ಬಾ, ಬಿಷಪ್ ಪ್ರಭುಗಳು ಬೇಡ ಅನ್ನಲ್ಲ. ಕೈಯಿಟ್ಟ ಮೇಲೆ ನನ್ನ ಕೈಲೂ ಏನೂ ಆಗಲ್ಲ.”

ಎಂಥ ಒಳ್ಳೆಯ ಮನುಷ್ಯ! ಹನ್ನೊಂದು ವರ್ಷದ ಹಿಂದೆ, ತಾಯಿ ಸತ್ತ ಚಳಿಗಾಲದಲ್ಲಿ, ಶಾಲೆಯ ಮೇಷ್ಟ್ರಾದ ಗ್ಲೆಬ್ ಭೂಗೋಳದ ಪಾಠ ಹೇಳುವುದು ಬಿಟ್ಟರೆ ಬೇರೆ ಮಾತಾಡುವುದನ್ನೇ ನಿಲ್ಲಿಸಿದ್ದ. ಆಗ ಇದೇ ಫಾದರ್ ಅವನ ಕೈಗೊಂದು ಮೇಣದಬತ್ತಿ ಕೊಟ್ಟು, ಅಲ್ಲಿ ನಿಂತ್ಕೋ ಎಂದಿದ್ದರು. ಅಂದಿನಿಂದ ದೀಕ್ಷೆಯಿಲ್ಲದೆ, ಬರೀ ಅಪ್ಪಣೆಯ ಮೇಲೆ, ಪ್ರತಿ ಭಾನುವಾರ ಅಲ್ಲಿಯೇ ನಿಂತಿದ್ದ. ವಾರದಲ್ಲಿ ಒಂದು ದಿನವಾದರೂ ತಾನು ಎಲ್ಲಿ ನಿಲ್ಲಬೇಕೆಂಬುದು ಅವನಿಗೆ ಗೊತ್ತಿರುತ್ತಿತ್ತು. ಈಗ ಫಾದರ್ ತಾವೇ ಅರ್ಜಿ ಬರೆದು, ಅವನಿಗೆ ತಿಳಿಸದೆಯೇ ಬಿಷಪ್ಪರಿಂದ ಒಪ್ಪಿಗೆ ತಂದಿದ್ದರು. ಉಡುಗೊರೆ ಎಂದು ಕೊಟ್ಟದ್ದನ್ನು ಒಲ್ಲೆ ಎನ್ನುವುದು ಹೇಗೆ?

“ಏನೂ ಇಲ್ಲ ಫಾದರ್. ನಿಮ್ಮ ಉಪಕಾರ ದೊಡ್ಡದು,” ಎಂದ.

ಕೆಥೆಡ್ರಲ್ಲಿನ ಹಿಂದೆ, ಪೂಜೆಯ ರೊಟ್ಟಿ ಸುಡುವ ಕೋಣೆಗೆ ಗ್ಲೆಬ್ ಹೋದಾಗ ಜೋಯಾ ಕೊನೆಯ ತಟ್ಟೆಯನ್ನು ಒಲೆಯಿಂದ ಎಳೆಯುತ್ತಿದ್ದಳು. ಕಳೆದ ವಸಂತದಲ್ಲಿ, ನದಿಯ ಮಂಜುಗಡ್ಡೆ ಒಡೆದ ದಿನ, ಶರತ್ಕಾಲಕ್ಕೆ ಮದುವೆಯಾಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದವನು ಗ್ಲೆಬ್. ಅವನು ಒಳ್ಳೆಯ ಗಳಿಗೆಗೆ ಕಾಯುತ್ತಿದ್ದ.

“ಬಾಗ್ಲಲ್ಲಿ ನಿಮ್ಮ ಹೆಸ್ರು ಅಂಟಿಸಿದಾರೆ,” ಎಂದಳು ಜೋಯಾ, ತಿರುಗದೆಯೇ.

“ನನಗೂ ಗುರುವಾರವೇ ಗೊತ್ತಾಗಿದ್ದು.”

“ಇವತ್ತು ಭಾನುವಾರ.”

ಗ್ಲೆಬ್ ರೊಟ್ಟಿಗಳ ಮೇಲಿನ ಶಿಲುಬೆಯ ಅಚ್ಚುಗಳನ್ನು ನೋಡುತ್ತ ನಿಂತ. ಬೇಡ ಎಂದು ಇವಳು ಒಂದು ಮಾತು ಹೇಳಿದರೆ ಸಾಕು, ಓಡಿಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ. ಅವಳು ಹೇಳಬೇಕಿತ್ತು. 

“ನಿಮಗೆ ಬೇಕಾ ಅದು, ಗ್ಲೆಬ್ ಅರ್ಕಾದ್ಯೆವಿಚ್?” ವಸಂತದಿಂದೀಚೆಗೆ ಅವಳು ಅವನನ್ನು ಹೀಗೆ ದೂರದವರಂತೆ ತಂದೆಯ ಹೆಸರು ಸೇರಿಸಿ ಕರೆದಿರಲಿಲ್ಲ.

“ಅವರೆಲ್ಲ ನನಗೆ ಎಷ್ಟೊಂದು ಮಾಡಿದಾರೆ.”

“ನಾನು ಕೇಳಿದ್ದು ಅದಲ್ಲ.”

ಗಂಟೆ ಹೊಡೆಯಿತು. ಅವಳು ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು, “ಹೋಗಿ, ಕಾಯ್ತಿರ್ತಾರೆ,” ಎಂದಳು. ಅಳಲಿಲ್ಲ. ಅತ್ತಿದ್ದರೆ ಅವನು ಏನಾದರೂ ಹೇಳಬೇಕಾಗುತ್ತಿತ್ತು. ಅಂಗಳ ದಾಟುವಾಗ ಗ್ಲೆಬ್ ಅದಕ್ಕಾಗಿ ಅವಳಿಗೂ ಋಣಿಯಾಗಿದ್ದ.

ಬಾಗಿಲಲ್ಲಿ ಫಾದರ್ ನಿಕಾಂದ್ರ್ ಹುಬ್ಬೇರಿಸಿ ಇನ್ನೊಮ್ಮೆ ನೋಡಿದರು. ಗ್ಲೆಬ್ ಬಾಗಿ ಅವರ ಕೈಗೆ ಮುತ್ತಿಟ್ಟು ಒಳಗೆ ಹೋದ.

ಬಿಷಪ್ಪರ ಕೈ ಭಾರವಾಗಿತ್ತು, ಬೆಚ್ಚಗಿತ್ತು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಗ್ಲೆಬ್‌ಗೆ ನಿಜಕ್ಕೂ ಸಂತೋಷವಾಯಿತು. ಹನ್ನೊಂದು ವರ್ಷದಲ್ಲಿ ಅಷ್ಟು ಸಂತೋಷವಾಗಿರಲಿಲ್ಲ. ಎಲ್ಲ ತೀರ್ಮಾನವಾಗಿಹೋಗಿತ್ತು, ತೀರ್ಮಾನಿಸಿದವನು ಅವನಲ್ಲ. ಎದೆಯ ಮೇಲೆ ಅಡ್ಡಡ್ಡ ಪಟ್ಟಿ ಬಿಗಿದರು, ಕೊರಳಿಗೆ ಟವೆಲು ಹಾಕಿದರು, ಒಂದು ಕೈಗೆ ತಾಮ್ರದ ಬೋಗುಣಿ, ಇನ್ನೊಂದಕ್ಕೆ ಹೂಜಿ ಕೊಟ್ಟರು. ಹೊಸ ಸಬ್‌ಡೀಕನ್ ಮಾಡುವ ಮೊದಲ ಕೆಲಸ ಬಿಷಪ್ಪರ ಕೈಗೆ ನೀರು ಹಾಕುವುದು.

ಅವನು ಹೂಜಿಯನ್ನು ಬಗ್ಗಿಸಿದ. ಏನೂ ಬೀಳಲಿಲ್ಲ.

ಹೂಜಿ ಹಗುರವಾಗಿದ್ದುದನ್ನು ಅವನು ತನ್ನ ಮನಸ್ಸೇ ಹಗುರವಾಯಿತೆಂದು ತಿಳಿದಿದ್ದ. ಅದಕ್ಕೆ ಉಗುರುಬೆಚ್ಚಗಿನ ನೀರು ತುಂಬಿಸಿಡುವುದು ಇಷ್ಟು ವರ್ಷವೂ ಅವನದೇ ಕೆಲಸ. ಇಂದು ಹಿರಿಯ ಸಬ್‌ಡೀಕನ್ ಸಾವ್ವಾ ತುಂಬಿಸುತ್ತಾನೆ ಎಂದು ಗ್ಲೆಬ್ ಅಂದುಕೊಂಡಿದ್ದ. ಎಂದಿನಂತೆ ಗ್ಲೆಬ್ ತುಂಬಿಸಿರುತ್ತಾನೆ ಎಂದು ಸಾವ್ವಾ.

ಬಿಷಪ್ ಹೂಜಿಯ ಬಾಯಿಯನ್ನು ನೋಡಿದರು, ಗ್ಲೆಬ್‌ನ ಮುಖವನ್ನು ನೋಡಿದರು. ಆಮೇಲೆ ಒಣಗೈಗಳನ್ನು ನಿಧಾನವಾಗಿ ಒಂದಕ್ಕೊಂದು ಉಜ್ಜಿ, ಅವನ ಕೊರಳಿನ ಟವೆಲಿಗೆ ಒರೆಸಿಕೊಂಡರು. “ಸಾಕು. ದೇವರು ಒಳ್ಳೇದು ಮಾಡ್ಲಿ,” ಎಂದು ಮೆಲ್ಲಗೆ ಹೇಳಿದರು. ಗ್ಲೆಬ್‌ನ ಕಣ್ಣು ತುಂಬಿ ಬಂತು.

ಬಿಷಪ್ಪರ ಕೈ ತೊಳೆದ ನೀರನ್ನು ಕಣ್ಣಿಗೆ ಒತ್ತಿಕೊಳ್ಳುವುದು ಈ ಊರಿನ ಹೆಂಗಸರ ರೂಢಿ. ಆಗಲೇ ಸಾಲು ನಿಂತಿತ್ತು. ಗ್ಲೆಬ್ ಹೂಜಿಯನ್ನು ಕೆಳಗಿಟ್ಟು ಬೋಗುಣಿಯನ್ನು ಅವರತ್ತ ಚಾಚಿದ. ಮೊದಲಿನ ಮುದುಕಿ ಬೋಗುಣಿಯಲ್ಲಿ ಬೆರಳದ್ದಿ, ಒಂದು ಗಳಿಗೆ ತಡೆದು, ಒಣಬೆರಳನ್ನೇ ರೆಪ್ಪೆಗೆ ಮುಟ್ಟಿಸಿಕೊಂಡಳು. ಶಿಲುಬೆಯ ಗುರುತು ಮಾಡಿಕೊಂಡು ಅವನಿಗೆ ತಲೆಬಾಗಿದಳು. ಎರಡನೆಯವಳೂ ಹಾಗೆಯೇ ಮಾಡಿದಳು.

ಏಳನೆಯವಳು ಜೋಯಾ. ಅವಳು ಅವನ ಮುಖ ನೋಡದೆ ಬೋಗುಣಿಯ ತಳವನ್ನು ನೋಡಿದಳು. ಅಂಗೈಯನ್ನು ಪೂರ್ತಿ ಒಳಗಿಳಿಸಿ ತಾಮ್ರದ ಮೇಲೆ ಒತ್ತಿ ಹಾಗೆಯೇ ಇಟ್ಟುಕೊಂಡಳು. ಹಿಂದಿನವರು ಕಾಯುತ್ತಿದ್ದರು. ಒಂದು ಹನಿಯೂ ತುಳುಕದ ಹಾಗೆ ಗ್ಲೆಬ್ ಬೋಗುಣಿಯನ್ನು ಎರಡೂ ಕೈಯಿಂದ ಮಟ್ಟಸವಾಗಿ ಹಿಡಿದುಕೊಂಡು ನಿಂತಿದ್ದ.