ಢಮಾರ್ ರೂಮಿನ ಖರ್ಚು

"ಇಷ್ಟು ಹೊತ್ತಾಯ್ತು, ಒಂದು ಸೀಟೀನೂ ಹೊಡೆದಿಲ್ಲ ಕಣ್ರೀ. ನಿಮ್ಮ ಕಂಪನಿ ಕುಕ್ಕರೂ ನಿಮ್ಮ ಹಾಗೇ, ಬಾಯೇ ಬಿಡಲ್ಲ!"

ಹೆಂಡತಿ ಅಡುಗೆಮನೆಯಿಂದ ಕೂಗಿದಾಗ ಲೆಕ್ಕದ ಮ್ಯಾನೇಜರು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಚಾಚಿದ ಕಾಲು ತಾನಾಗಿಯೇ ಮಡಚಿಕೊಂಡಿತು.

ಅವರ ಕಾರ್ಖಾನೆಯಲ್ಲಿ ಕುಕ್ಕರುಗಳನ್ನು ಬೇಕೆಂದೇ ಸಿಡಿಸುವುದಕ್ಕೆ ಒಂದು ಕೋಣೆ ಇತ್ತು. ಬಾಗಿಲ ಮೇಲೆ ಸಂಶೋಧನಾ ವಿಭಾಗ ಅಂತ ಬರೆದಿದ್ದರೂ ಎಲ್ಲರ ಬಾಯಲ್ಲಿ ಅದು ಢಮಾರ್ ರೂಮು. ಮಧ್ಯಾಹ್ನ ಅಲ್ಲಿ ಢಮಾರ್ ಅಂದರೆ ಆಫೀಸಿನವರು ಟೀಗೆ ಏಳುತ್ತಿದ್ದರು. ಅಲ್ಲಿ ಪರೀಕ್ಷೆ ನಡೆಸುವ ಮೇಡಮ್ಮಿಗೆ ಹುಬ್ಬು ಇರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಹೋದ ವರ್ಷ ಮ್ಯಾನೇಜರು ಆ ಕೋಣೆಗೆ ಬೀಗ ಹಾಕಿಸಿದರು. ಅಲ್ಲಿಗೆ ಸುರಿಯುತ್ತಿದ್ದ ದುಡ್ಡೆಲ್ಲ ಲಾಭದ ಕಡೆ ಹರಿಯಿತು. "ನೋಡ್ರೀ, ಏನೂ ಕಂಡುಹಿಡೀದೆ ಇದ್ರೆ ಎಷ್ಟು ಲಾಭ!" ಎಂದು ಮಾಲೀಕರು ಬೆನ್ನು ತಟ್ಟಿದರು. ಕುಕ್ಕರಿನ ಆವಿ ಬಿಡುವುದಕ್ಕೆ ಅಗ್ಗದ ಹೊಸ ವಾಲ್ವು ಬಂತು. ಪರೀಕ್ಷೆ ಮಾಡುವವರೇ ಇಲ್ಲದ್ದರಿಂದ ಅದು ಫೇಲೂ ಆಗಲಿಲ್ಲ.

ಸಾಮಾನು ಎತ್ತಿಕೊಂಡು ಹೊರಟ ಮೇಡಂ, "ಸಾರ್, ಸಿಡಿಯೋದು ನಿಲ್ಲಲ್ಲ. ನಮ್ಮ ಕಣ್ಣೆದುರು ಸಿಡಿಯಲ್ಲ, ಅಷ್ಟೇ" ಎಂದಿದ್ದರು. ಮ್ಯಾನೇಜರು ಅದನ್ನು ಕ್ಯಾಂಟೀನಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದರು.

ಈಗ ಅವರು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ಇಣುಕಿದರು. ಕುಕ್ಕರು ಬುಸ್ ಅನ್ನುತ್ತಲೂ ಇರಲಿಲ್ಲ. ಮುಚ್ಚಳ ಮಾತ್ರ ಒಂಚೂರು ಉಬ್ಬಿದಂತಿತ್ತು.

"ನೀನು ಹೊರಗೆ ಹೋಗು."

"ಯಾಕ್ರೀ?"

"ಹೋಗೇ ಅಂದ್ನಲ್ಲ! ಚಪ್ಪಲಿ ಆಮೇಲೆ ಹಾಕ್ಕೋ!"

ಮುಖಕ್ಕೆ ಊಟದ ತಟ್ಟೆ ಅಡ್ಡ ಹಿಡಿದು, ಕೈ ಚಾಚಿ ಒಲೆ ಆರಿಸಿ, ಅವರು ತಟ್ಟೆಯ ಸಮೇತ ಬೀದಿಗೆ ಓಡಿಬಂದರು.

"ಇದೇನ್ರೀ, ಇವತ್ತು ಬೀದೀಲೇ ಊಟಾನಾ?" ಹೆಂಡತಿ ಕಿಸಕ್ಕನೆ ನಕ್ಕಳು. "ನಂಗೇನೋ ಸಮಾಧಾನ ಬಿಡಿ. ಪಕ್ಕದ ಮನೆ ಅಕ್ಕನೂ ಹೊಸದನ್ನೇ ಇಟ್ಟಿದಾರಂತೆ, ಅವರದ್ದೂ ಹೊಡೆದಿಲ್ವಂತೆ."

ಮ್ಯಾನೇಜರು ನಗಲಿಲ್ಲ. ಲಾಭದ ಖುಷಿಗೆ ಕಂಪನಿಯವರಿಗೆಲ್ಲ ಮನೆಗೊಂದರಂತೆ ಹೊಸ ವಾಲ್ವಿನ ಕುಕ್ಕರು ಹಂಚಿದ್ದು ಅವತ್ತೇ ಬೆಳಿಗ್ಗೆ. ಒಬ್ಬೊಬ್ಬರ ಕೈ ಕುಲುಕಿ ಕೊಟ್ಟವರು ಅವರೇ.

ಅವರು ತಟ್ಟೆಯನ್ನು ಎದೆಗೆ ಅವುಚಿಕೊಂಡು ಕಂಪನಿ ಮನೆಗಳ ಸಾಲನ್ನು ನೋಡಿದರು. ಕಿಟಕಿ ಕಿಟಕಿಯಲ್ಲೂ ದೀಪ ಹತ್ತಿತ್ತು. ಒಂದೊಂದರಲ್ಲೂ ಯಾರೋ ಒಬ್ಬರು ಒಲೆಯ ಹತ್ತಿರ ಬಗ್ಗಿ, ಕಿವಿಗೊಟ್ಟು ನಿಂತಿದ್ದರು.