ಆಚೀಲ್ ಎರಡು ಸಲ ಕೈ ಎತ್ತಿದ್ದು

ಗೆಂಟ್ ನಗರದ ನಮ್ಮ ಬೀದಿಯಲ್ಲಿ ಆಚೀಲನ ಕಾರು ರಿಪೇರಿ ಗ್ಯಾರೇಜು ಅವನ ಅಪ್ಪನ ಕಾಲದಿಂದಲೂ ಇತ್ತು. ಮಹಡಿಯ ಮೇಲೆ ಅವನೂ ಹೆಂಡತಿ ಗೋಡ್ಲೀವಳೂ ಇದ್ದರು. ನಾನು ಎದುರುಮನೆಯವಳು. ಅವರ ಮಗಳು ವೇರ್ಲೆಗೆ ನಗರಸಭೆಯಲ್ಲಿ ಕೆಲಸ. ಬೇಸಿಗೆ ಮುಗಿಯುವವರೆಗೆ ಬೀದಿಗೆ ಕಾರು ಬಿಡದೆ ನೋಡೋಣ, ಆಮೇಲೆ ಬೀದಿಯವರೇ ತೀರ್ಮಾನಿಸಲಿ ಎಂಬ ಯೋಜನೆಯನ್ನು ನಮ್ಮಲ್ಲಿಗೆ ತಂದವಳು ಅವಳೇ.

“ಕಾರು ರಿಪೇರಿ ಮಾಡೇ ನಿನ್ನ ಓದಿಸಿದ್ದು,” ಎಂದ ಆಚೀಲ್. “ಈಗ ನನ್ನ ಬಾಗಿಲಿಗೇ ಹೂಕುಂಡ ಅಡ್ಡ ಇಡ್ತೀಯಾ?”

“ಬಾಗಿಲಿಗಲ್ಲಪ್ಪ, ಬೀದಿ ತುದಿಗೆ. ಹೂವು ಬೇಕಾದ್ರೆ ನೀನೇ ಆರಿಸು.”

ಜೂನಿನಲ್ಲಿ ಕುಂಡಗಳು ಬಂದವು. ಗಿರಾಕಿಗಳು ಎಲ್ಲೋ ದೂರದಲ್ಲಿ ಕಾರು ನಿಲ್ಲಿಸಿ ಫೋನು ಮಾಡುತ್ತಿದ್ದರು. ಆಚೀಲ್ ಬೈದುಕೊಳ್ಳುತ್ತ ಸ್ಪ್ಯಾನರ್ ಪೆಟ್ಟಿಗೆ ಹೊತ್ತು ಅಲ್ಲಿಗೇ ಹೋಗುತ್ತಿದ್ದ. ನಾವೆಲ್ಲ ಬೀದಿ ನಡುವೆ ಮೇಜು ಹಾಕಿ, ಬಿಯರಿನಲ್ಲಿ ಬೇಯಿಸಿದ ಮಾಂಸ ತಿನ್ನುವಾಗ ಅವನು ಒಳಗೇ ಕೂತಿರುತ್ತಿದ್ದ.

ಗೋಡ್ಲೀವಳಿಗೆ ಉಬ್ಬಸ. ಬೀದಿ ಕಡೆಯ ಕಿಟಕಿಯನ್ನು ಆ ಮನೆಯಲ್ಲಿ ವರ್ಷಗಳಿಂದ ಯಾರೂ ತೆರೆದಿರಲಿಲ್ಲ. ಜುಲೈಯಲ್ಲಿ ಅವಳು ತೆರೆದಳು. ಅಭ್ಯಾಸಬಲದಿಂದ ಮುಚ್ಚಲು ಹೋದ ಆಚೀಲನಿಗೆ, “ಬಿಡು, ಕೆಮ್ಮು ಬರ್ತಿಲ್ಲ,” ಎಂದಳಂತೆ.

ಅಂದೇ ಅವನು ನಮ್ಮ ಮನೆಗೆ ಬಂದ. “ಕಾರಿನ ಹೊಗೆ ನಿಂತಿದ್ದಕ್ಕೇನಾ ಇದು? ಡಾಕ್ಟ್ರು ಔಷಧಿನೂ ಬದಲಾಯಿಸಿದ್ರಲ್ಲ. ನಿಮಗೇನನ್ಸುತ್ತೆ?”

ನನಗೂ ಗೊತ್ತಿರಲಿಲ್ಲ. ಮಗಳನ್ನೇ ಕೇಳು ಎಂದೆ. ಕೇಳಿದ.

“ಒಬ್ಬರನ್ನ ನೋಡಿ ಹೇಳಕ್ಕಾಗಲ್ಲಪ್ಪ,” ಎಂದಳು ವೇರ್ಲೆ. “ಇಡೀ ಊರಿನ ಲೆಕ್ಕ ತೆಗೆದು ಹೇಳಬಹುದು.”

“ನನ್ನ ಹೆಂಡ್ತಿ ಇಡೀ ಊರಲ್ಲ.”

“ಗೊತ್ತು. ಅವಳು ನನ್ನಮ್ಮ.”

ಆಮೇಲಿನ ದಿನಗಳಲ್ಲಿ ಅವನ ಮಾತಿಗೆ ತಲೆಬುಡ ಇರುತ್ತಿರಲಿಲ್ಲ. ಬೆಳಿಗ್ಗೆ ನಗರಸಭೆಯನ್ನು ಬೈಯುವನು, ಸಂಜೆ ಕುಂಡಗಳಿಗೆ ನೀರು ಹಾಕುವನು. ಯಾಕೆ ಅಂತ ಕೇಳಿದರೆ, “ಗಿಡ ಏನ್ ಮಾಡಿತ್ತು?” ಎನ್ನುವನು.

ಸೆಪ್ಟೆಂಬರಿನಲ್ಲಿ ಶಾಲೆಯ ಸಭಾಂಗಣದಲ್ಲಿ ಮತ ಕೇಳಿದರು. ಬೀದಿ ಹೀಗೇ ಇರಲಿ ಎನ್ನುವವರು ಕೈ ಎತ್ತಿ ಎಂದಾಗ ಆಚೀಲ್ ಎತ್ತಿದ. ಬೇಡ ಎನ್ನುವವರು ಎಂದಾಗಲೂ ಎತ್ತಿದ. ಜನ ನಕ್ಕರು.

“ಅಪ್ಪ, ಯಾವುದಾದ್ರೂ ಒಂದಕ್ಕೆ ಎತ್ತಬೇಕು.”

“ಯಾವುದಕ್ಕೆ ಅಂತ ನೀನೇ ಹೇಳು ಹಂಗಾದ್ರೆ,” ಎಂದ. ಅವನ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ. ವೇರ್ಲೆ ತಲೆ ತಗ್ಗಿಸಿದಳು. ಅವನ ಮತವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರು. ಅದಿಲ್ಲದೆಯೂ ಬೀದಿ ಹೀಗೇ ಇರಲಿ ಎನ್ನುವವರೇ ಹೆಚ್ಚಿದ್ದರು.

ಈಗ ಬೇರೆ ದೇಶಗಳ ನಗರಗಳಿಂದ ಅಧಿಕಾರಿಗಳು ನಮ್ಮ ಬೀದಿ ನೋಡಲು ಬರುತ್ತಾರೆ, ತಮ್ಮೂರಲ್ಲೂ ಹೀಗೇ ಮಾಡುತ್ತೇವೆ ಎನ್ನುತ್ತಾರೆ. ಚಳಿಗಾಲದಲ್ಲಿ ಗೋಡ್ಲೀವಳಿಗೆ ಕೆಮ್ಮು ಒಂದಿಷ್ಟು ಮರಳಿತು, ಮೊದಲಿನಷ್ಟಲ್ಲ. ಆಚೀಲ್ ಗ್ಯಾರೇಜಿಗೆಂದು ಬಂದರಿನ ಬಳಿ ಒಂದು ಶೆಡ್ಡು ಹಿಡಿದ. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಅಲ್ಲಿಗೆ ಹೋಗುವುದಿಲ್ಲ.

ಅವನು ಶೆಡ್ಡಿನ ಬೋರ್ಡು ಬರೆಯುವ ದಿನ ವೇರ್ಲೆ ಹೋಗಿ ಏಣಿ ಹಿಡಿದಿದ್ದಳಂತೆ.

“ನನ್ನ ಮೇಲೆ ಕೋಪ ಇದೆಯಾ?” ಎಂದು ಕೆಳಗಿನಿಂದಲೇ ಕೇಳಿದಳಂತೆ.

“ಇದೆ ಅಂದೆ,” ಎಂದು ಆಚೀಲ್ ನನ್ನ ಹತ್ತಿರ ಹೇಳಿದ. ಆಮೇಲೆ, “ಆದ್ರೆ ಹಾಗನ್ನುವಾಗ ನಿಜವಾಗ್ಲೂ ಕೋಪ ಇತ್ತಾ ಅಂತ ಈಗ ಎಷ್ಟು ಯೋಚಿಸಿದ್ರೂ ತಿಳೀತಿಲ್ಲ,” ಎಂದ.