ತಿರುವಿ ಹೊಲಿದ ‘ದಾ’

ದಾವಲಬಿ ಹೊಲಿದ ಕೌದಿಯನ್ನು ಗೌಡರ ತಾಯಿ ಹೊಲಿದರೆಂದು ಬರೆದರು.

ಬರೆದ ಹಾಳೆ ಸಿಂದಗಿಯ ಕಾಳಪ್ಪನ ಛಾಪಖಾನೆಗೆ ಬಂದದ್ದು ಎಪ್ಪತ್ತಮೂರರ ಮಾಘದಲ್ಲಿ. ಊರಾಚೆಯ ಗೌಡರು ತಮ್ಮ ವಾಡೆಯ ಪಡಸಾಲೆಯನ್ನು ಮ್ಯೂಜಿಯಂ ಮಾಡಿದ್ದರು. ಮೊದಲ ಪ್ರದರ್ಶನಕ್ಕೆ ಹ್ಯಾಂಡಬಿಲ್ಲು ಬೇಕಿತ್ತು, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಬಸ್ಸುಗಳಲ್ಲೆಲ್ಲ ಹಂಚುವಷ್ಟು. ಅದನ್ನು ಚೆಂದಗೊಳಿಸುವ ಕೆಲಸ ಮಶಾಕಸಾಬನದು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಹೆಂಡತಿ ದಾವಲಬಿ ತೀರಿಹೋಗಿ ಐದು ವರ್ಷ. ಅಂದಿನಿಂದ ಅವನೊಡನೆ ಮಾತಾಡುತ್ತಿದ್ದದ್ದು ಸೀಸದ ಅಕ್ಷರಗಳಷ್ಟೇ. ಸಂಜೆ ಮನೆಗೆ ಹೋಗಿ ಎರಡು ತಾಟು ಹಾಕಿ, ಒಂದನ್ನು ಹಾಗೇ ಎತ್ತಿಡುತ್ತಿದ್ದ.

ತಲೆಬರಹಕ್ಕೆ ದಪ್ಪಕ್ಷರ ಆರಿಸಿದ. ಸುತ್ತಲೂ ಹೂಬಳ್ಳಿಯ ಅಂಚು ಕಟ್ಟಿ, ನಡುವೆ ಚಿತ್ರಕ್ಕೆ ಜಾಗ ಬಿಟ್ಟ. ಕೌದಿಯ ಚಿತ್ರ ಕೊರೆದ ಅಚ್ಚಿನ ಬ್ಲಾಕು ಸೊಲ್ಲಾಪುರದಿಂದ ಬಂತು. ಕಾಗದ ಬಿಚ್ಚಿ ಬೆಳಕಿಗೆ ಹಿಡಿದವನು ಹಾಗೇ ನಿಂತ. ಮೊಳೆಯಲ್ಲಾಗಲಿ ಬ್ಲಾಕಿನಲ್ಲಾಗಲಿ ಅಕ್ಷರ ಯಾವತ್ತೂ ಕನ್ನಡಿಯಲ್ಲಿ ಕಂಡಂತೆ ತಿರುವಿಯೇ ಇರುತ್ತದೆ, ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತದೆ. ಈ ಬ್ಲಾಕಿನಲ್ಲಿ ಮಾತ್ರ ಕೌದಿಯ ಮೂಲೆಯ ಅಕ್ಷರ ನೆಟ್ಟಗಿತ್ತು: ದಾ. ಅಂದರೆ ಕೌದಿಯ ಮೇಲೆ ಅದನ್ನು ತಿರುವಿ ಹೊಲಿದಿದ್ದರು. ಹಾಗೆ ಹೊಲಿಯುವವಳು ಜಗತ್ತಿನಲ್ಲಿ ಒಬ್ಬಳೇ ಇದ್ದಳು.

ಮದುವೆಯಾದ ಹೊಸದರಲ್ಲಿ ಸವೆದ ಮೊಳೆಯೊಂದನ್ನು ಅವಳ ಅಂಗೈಯಲ್ಲಿಟ್ಟು, ಇದು ನಿನ್ನ ಹೆಸರಿನ ಮೊದಲನೇ ಅಕ್ಷರ ಎಂದಿದ್ದ. ತಿರುವಿದೆ ಎಂದು ಹೇಳುವುದನ್ನು ಮರೆತಿದ್ದ; ಅವನ ಕಣ್ಣಿಗೆ ತಿರುವಿದ್ದೇ ನೆಟ್ಟಗೆ. ಅವಳು ಕಂಡಂತೆ ಹೊಲಿದಳು. ಅವನು ಬಿದ್ದು ಬಿದ್ದು ನಕ್ಕ.

“ನಗತೀರಿ? ತಪ್ಪು ನಿಮ್ಮ ಮೊಳಿದು, ನನ್ನ ಸೂಜಿದಲ್ಲ.”

“ಬಿಚ್ಚಿ ಹೊಲಿ.”

“ಹಿಂಗ ಇರ್ಲಿ ಬಿಡ್ರಿ. ಓದಾಕ ನೀವೊಬ್ರು ಅದೀರಲ್ಲ.”

ಆಮೇಲೆ ಹೊಲಿದ ಪ್ರತಿ ಕೌದಿಯ ಮೂಲೆಗೂ ಅದೇ. ಎಲ್ಲವೂ ವಾಡೆಯ ಪಾಲು, ಜೋಳದ ಕೂಲಿಗೆ. ಅವಳು ಸತ್ತಾಗ ಅವನ ಮನೆಯಲ್ಲಿ ಅವಳ ಕೈಯ ಒಂದು ತೇಪೆಯೂ ಉಳಿದಿರಲಿಲ್ಲ.

ಗೌಡರ ಹಾಳೆಯಲ್ಲಿ ಹೀಗಿತ್ತು: ‘ನಮ್ಮ ತಾಯಿಯವರ ಕೈಕುಸುರಿ. ಮೂಲೆಯಲ್ಲಿರುವುದು ಮನೆತನದ ಪುರಾತನ ಗುಪ್ತ ಮುದ್ರೆ.’ ಆ ಗೌಡ್ತಿ ಸೂಜಿ ಹಿಡಿದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಕೌದಿಯ ಮೇಲೆ ಮಲಗಿದ್ದಷ್ಟೇ ಅವರ ಕುಸುರಿ.

ಮಶಾಕಸಾಬ ಆ ಎರಡು ಸಾಲು ಜೋಡಿಸಲಿಲ್ಲ. ಅವುಗಳ ಜಾಗದಲ್ಲಿ ಬೇರೆ ಎರಡು ಕೂಡಿಸಿದ: ‘ಈ ಕೌದಿ ಹೊಲಿದವಳು ಸಿಂದಗಿಯ ದಾವಲಬಿ. ಮೂಲೆಯಲ್ಲಿರುವುದು ಅವಳ ಹೆಸರಿನ ಅಕ್ಷರ.’

ಪ್ರೂಫ್ ನೋಡುತ್ತಿದ್ದ ಕಾಳಪ್ಪನ ಕನ್ನಡಕ ಮೂಗಿನ ತುದಿಗೆ ಜಾರಿತು.

“ಏನಿದು ಮಶಾಕಸಾಬ? ತಲಿಗಿಲಿ ಕೆಟ್ಟೈತೇನು?”

“ಎಲ್ಲ್ಯರ ತಪ್ಪು ಬಿದ್ದೈತೇನ್ರಿ, ಸಾವ್ಕಾರ?”

“ಒಂದೂ ತಪ್ಪಿಲ್ಲ, ಅದ ತಪ್ಪಾಗೇತಿ! ಗೌಡ್ರು ಗುಪ್ತ ಮುದ್ರಿ ಅಂದ್ರ ಗುಪ್ತ ಮುದ್ರಿ. ಛಾಪಿಸೂದಷ್ಟ ನಮ್ಮ ಕೆಲಸ.”

“ಮುದ್ರಿ ಅಲ್ರಿ ಅದು. ನಾ ಕಲಿಸಿದ ಅಕ್ಷರ.”

ಕಾಳಪ್ಪ ಕನ್ನಡಕ ಮೇಲೇರಿಸಿದ. ದಾವಲಬಿಯ ಮಣ್ಣಿಗೆ ಅವನೂ ಬಂದಿದ್ದ. ದನಿ ತಗ್ಗಿಸಿ ಅಂದ: “ಖರೇನ ಇರಬಹುದೋ ಮಾರಾಯ. ಆದ್ರ ಸತ್ತಾಕಿ ಪ್ರೂಫ್ ತಿದ್ದಾಕ ಬರ್ತಾಳೇನು?”

“ಅದಕ್ಕ ನಾ ಅದೇನಲ್ರಿ.”

ಆ ಮಾತಿಗೆ ಕಾಳಪ್ಪನ ಮುಖ ಬಿಗಿಯಿತು. ಮೊಳೆ ಕೀಳುವ ಚಿಮಟ ಮುಂದೆ ಚಾಚಿದ.

“ಈ ಊರಾಗ ಮತ್ತೊಂದು ಛಾಪಖಾನೆ ಇಲ್ಲ, ನೆನಪಿರ್ಲಿ. ಮೊದ್ಲ ಆ ಎರಡು ಸಾಲು ತಗಿ.”

ಮಶಾಕಸಾಬ ಚಿಮಟ ಇಸಿದುಕೊಂಡ. ಅಂಗಿಯ ತುದಿಯಿಂದ ಅದರ ಮಸಿ ಒರೆಸಿ, ಗೋಡೆಯ ಗೂಟಕ್ಕೆ ತೂಗುಹಾಕಿದ.

“ನಾ ತಗ್ಯಾಂಗಿಲ್ರಿ,” ಎಂದ.